ಕೆಂಡದ ಹಣ್ಣಿಗೆ ಸಾಕ್ಷಿ

ಬೇರೆಯವರ ಮನೆಯಲ್ಲಿ ಅಡುಗೆ ಕೆಟ್ಟರೆ ಅನ್ನ ಸೀದು ಹೋಗುತ್ತದೆ, ಇಲ್ಲವೆ ಸಾರಿಗೆ ಉಪ್ಪು ಹೆಚ್ಚಾಗುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಒಂದು ತಿನಿಸು ಮಾಡಲು ಕೂತಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ಹಣ್ಣಿನ ಹೋಳುಗಳಿಗೆ ಬೆಲ್ಲ ಕಲಸಿ, ಅದರ ಮೇಲೆ ಬೆಣ್ಣೆ ಹಾಕಿದ ಹಿಟ್ಟನ್ನು ಮುದ್ದೆಮುದ್ದೆಯಾಗಿ ಹರವಿ, ಕೆಳಗೂ ಕೆಂಡ ಮೇಲೂ ಕೆಂಡ ಇಟ್ಟು ಬೇಯಿಸುವ ತಿನಿಸು ಅದು. ಇಂಗ್ಲಿಷಿನಲ್ಲಿ ಅದಕ್ಕೆ ಏನೋ ಒಂದು ಹೆಸರಿತ್ತು. ನಮ್ಮ ಓಣಿಯವರು ‘ಕೆಂಡದ ಹಣ್ಣು’ ಎಂದರು, ಅದೇ ಉಳಿಯಿತು.

ಇನ್ನೂ ಇಂಗ್ಲಿಷರ ರಾಜ್ಯ ಇದ್ದ ಕಾಲ. ನಾನು ಧಾರವಾಡದ ಹೆಣ್ಣುಮಕ್ಕಳ ಸಾಲಿಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನಮ್ಮ ಮನೆಯವರು ಗಂಡುಮಕ್ಕಳ ಸಾಲಿಯಲ್ಲಿ ಗಣಿತದ ಮಾಸ್ತರರು. ಮನೆಯಲ್ಲಿ ನಾವಿಬ್ಬರು, ಮತ್ತು ನಮ್ಮ ಅತ್ತೆ.

೧. ಉಪವಾಸವಿಲ್ಲದ ದಿನ

ನಮ್ಮ ಸಾಲಿಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಇಂಗ್ಲಿಷ್ ಹೆಂಗಸು. ಒಂದು ಬ್ಯಾಸಗಿಯಲ್ಲಿ ನಾಲ್ಕು ಜನ ಮಾಸ್ತರಿಣಿಯರನ್ನು ತಮ್ಮ ಬಂಗಲೆಗೆ ಕರೆಸಿ, ತಮ್ಮ ತಾಯಿ ಮಾಡುತ್ತಿದ್ದ ಈ ತಿನಿಸನ್ನು ನಮ್ಮ ಕಣ್ಣೆದುರಿಗೇ ಮಾಡಿ ತೋರಿಸಿದರು. ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು. ಆದರೆ ಅವರ ಮನೆಯ ಪಾತ್ರೆಯಲ್ಲಿ ಬೆಂದದ್ದನ್ನು ತಿಂದೆವೆಂದು ಊರಿಗೆ ಗೊತ್ತಾದರೆ ನಮ್ಮ ಗತಿ ಏನು? ಬಡಿಸುವ ಹೊತ್ತಿಗೆ ಒಬ್ಬಳಿಗೆ ಮಂಗಳವಾರದ ಉಪವಾಸ ನೆನಪಾಯಿತು, ಇನ್ನೊಬ್ಬಳಿಗೆ ಸಂಕಷ್ಟಿ. ಮೂರನೆಯವಳು ತನ್ನ ಅಜ್ಜಿಯ ಹೆಸರಿನಲ್ಲಿ ಏನೋ ವ್ರತ ಎಂದಳು. ನಾನು ಉಳಿದ ಮೂವರಿಗೆ ಜೊತೆಯಾಗಿ ಉಪವಾಸ ಎಂದೆ.

ಬಾಯಾರು ಬೇಜಾರು ಮಾಡಿಕೊಳ್ಳಲಿಲ್ಲ. ನೀವೆಲ್ಲ ದೊಡ್ಡ ದೈವಭಕ್ತರು, ಯಾರಿಗೂ ಉಪವಾಸವಿಲ್ಲದ ಒಂದು ದಿನ ನೋಡಿ ಹೇಳಿ, ಅಂದು ಮತ್ತೆ ಮಾಡೋಣ ಎಂದರು. ನಾವು ಒಂದು ವಾರ ವಿಚಾರ ಮಾಡಿದೆವು. ಆ ವರ್ಷದ ಪಂಚಾಂಗದಲ್ಲಿ ಅಂಥ ದಿನವೇ ಇಲ್ಲ ಎಂದು ಹೋಗಿ ಹೇಳಿದೆವು.

೨. ಹಿಡಿಯ ಮೋಕ್ಷ

ಆದರೂ ನನ್ನ ಆಸೆ ಹೋಗಲಿಲ್ಲ. ಅದನ್ನು ತಿಳಿದೋ ಏನೋ, ಬಾಯಾರು ಒಂದು ದಪ್ಪ ತಳದ ಕಬ್ಬಿಣದ ಬಾಣಲೆಯನ್ನು ನನಗೆ ಕೊಟ್ಟು ಕಳಿಸಿದರು. ಅತ್ತೆ ಅದನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಇದರಲ್ಲಿ ಮೊದಲು ಏನು ಬೇಯುತ್ತಿತ್ತು ಎಂದು ಕೇಳಿದರು. ಕೋಳಿಯ ತತ್ತಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಗೊತ್ತಿಲ್ಲ ಎಂದೆ. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ಗೊತ್ತಾಯಿತು.

ಅತ್ತೆ ಮಡಿಯಲ್ಲಿ ಬಿಗಿ, ಮನಸ್ಸಿನಲ್ಲಿ ಅಲ್ಲ. ಬೇಡ ಎನ್ನುವ ಬದಲು ದಾರಿ ಹುಡುಕಿದರು. ಹಿಟ್ಟನ್ನು ನೀರಿನಲ್ಲಿ ಕಲಸಿದರೆ ಮುಸುರಿ, ಮಡಿಗೆ ಬಾರದು, ಹಾಲಿನಲ್ಲಿ ಕಲಸಿದರೆ ತಮಗೂ ನಡೆಯುತ್ತದೆ ಎಂದರು. ಕಬ್ಬಿಣಕ್ಕೆ ಬೆಂಕಿಯೇ ಶುದ್ಧಿ ಎಂದು ಬಾಣಲೆಯನ್ನು ಹಿತ್ತಲಲ್ಲಿ ಕುಳ್ಳಿನ ಬೆಂಕಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಹೂಳಿಟ್ಟರು. ಸಂಜೆ ತೆಗೆದು ನೋಡಿದರೆ ಬಾಣಲೆ ಶುದ್ಧವಾಗಿತ್ತು. ಅದರ ಕಟ್ಟಿಗೆಯ ಹಿಡಿ ಮಾತ್ರ ನೇರವಾಗಿ ಮೋಕ್ಷಕ್ಕೆ ಹೋಗಿತ್ತು.

ಮೇಲೆ ಕೆಂಡ ಹಾಕಲು ನಮ್ಮ ತಾಮ್ರದ ಅಗಲ ತಟ್ಟೆ, ಪರಾತ, ಬೇಕಾಯಿತು. ಅದನ್ನು ಪಕ್ಕದ ಮನೆಯ ಹೆಂಗಸು, ಓಣಿಯವರೆಲ್ಲ ಮಾವಶಿ ಎಂದು ಕರೆಯುತ್ತಿದ್ದವಳು, ಹುಬ್ಬಳ್ಳಿಯ ಒಂದು ಮದುವೆಗೆಂದು ಒಯ್ದಿದ್ದಳು. ಕೇಳಲು ಹೋದರೆ, ಆವಾಗಲೇ ತಿರುಗಿ ಕೊಟ್ಟಿದ್ದೇನಲ್ಲ ಎಂದಳು. ನಾವು ರೊಟ್ಟಿಯ ಹಂಚನ್ನೇ ಬೋರಲು ಮುಚ್ಚಿದೆವು.

೩. ಗಣಿತದ ಪ್ರಕಾರ

ಮೊದಲ ಸಲ ಕವಳಿ ಹಣ್ಣಿನಲ್ಲಿ ಮಾಡಿದೆ. ಗುಡ್ಡದ ಕಡೆಯ ಹೆಂಗಸರು ಎಲೆಯ ದೊನ್ನೆಯಲ್ಲಿ ಮಾರಲು ತರುತ್ತಾರಲ್ಲ, ಆ ಕಪ್ಪು ಹುಳಿ ಹಣ್ಣು. ಹಂಚಿನ ಮೇಲೆ ಕೆಂಡ ಜಾಸ್ತಿಯಾಯಿತು, ಕೆಳಗೆ ಕಡಿಮೆಯಾಯಿತು. ಮೇಲಿನ ಹಿಟ್ಟು ಇದ್ದಲಿ, ಒಳಗಿನದು ಹಸಿ.

ನಮ್ಮ ಮನೆಯವರು ತಾಟಿನಲ್ಲಿದ್ದುದನ್ನು ಪೂರ್ತಿ ತಿಂದರು. ನನಗೆ ಅಳು ಬರುವ ಹಾಗಾಗಿತ್ತು. ಹೇಗಾಗಿದೆ ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಲೆಕ್ಕ ಹಾಕಿದರು.

“ಮ್ಯಾಲಿಂದು ಭಾಳ ಬೆಂದದ, ಕೆಳಗಿಂದು ಬೆಂದೇ ಇಲ್ಲ. ಸರಾಸರಿ ತಗದ್ರ ಬರೋಬ್ಬರಿ ಆಗೇದ,” ಎಂದರು.

೪. ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಬಹಳ ಸೇರುವ ಒಂದು ಹಣ್ಣನ್ನು ಗಂಗೆಯ ಹೆಸರಿನಲ್ಲಿ ಬಿಟ್ಟು, ಇನ್ನು ಸಾಯುವ ತನಕ ಇದನ್ನು ಮುಟ್ಟುವುದಿಲ್ಲ ಎಂದು ನುಡಿದು ಬರಬೇಕು. ಪಕ್ಕದ ಮನೆಯ ಮಾವಶಿ ಬಿಟ್ಟು ಬಂದದ್ದು ಕಾಶ್ಮೀರದ ಸೇಬು. ನಮ್ಮ ಓಣಿಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಅದು ನಿಮಗೆ ಅಷ್ಟು ಸೇರುತ್ತಿತ್ತೇ ಎಂದು ನಾನು ಕೇಳಿದೆ.

“ಚಿತ್ರದಾಗ ನೋಡಿದ್ದೆ. ಭಾಳ ಸೇರ್ತಿತ್ತು,” ಎಂದಳು ಮಾವಶಿ.

ಅತ್ತೆ ಹಾಗೆ ಮಾಡಲಿಲ್ಲ. ಅವರು ಬಿಟ್ಟದ್ದು ಮಾವಿನಹಣ್ಣು. ಮಾವನವರು ಇದ್ದಾಗ ಪ್ರತಿ ವರ್ಷ ಮೊದಲ ಹಣ್ಣನ್ನು ಪೇಟೆಯಿಂದ ತಂದು, ತಮ್ಮ ಶಲ್ಯದ ಅಂಚಿನಿಂದ ಒರೆಸಿ, ದೇವರಿಗಿಟ್ಟು, ಯಾರಿಗೂ ಕೊಡದೆ ಅತ್ತೆಯ ಕೈಯಲ್ಲಿ ಇಡುತ್ತಿದ್ದರಂತೆ. ಅವರು ತೀರಿಕೊಂಡ ವರ್ಷ ಅತ್ತೆ ಕಾಶಿಗೆ ಹೋದರು. ಕೊಡುವವರೇ ಇಲ್ಲದ ಮೇಲೆ ತಿನ್ನುವುದು ಯಾಕೆ ಎಂದು ಬಿಟ್ಟು ಬಂದರು. ಆಮೇಲೆ ಪ್ರತಿ ಬ್ಯಾಸಗಿಯಲ್ಲಿ ನಮಗೆ ತಾವೇ ಹಣ್ಣು ಹೆಚ್ಚಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಅದನ್ನು ನೋಡುತ್ತ ತಿನ್ನುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಬಾಣಲೆ ಬಂದ ನಾಲ್ಕನೆಯ ಬ್ಯಾಸಗಿಯಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಬಿಟ್ಟಿತು, ಹಸಿವು ಬರಲಿಲ್ಲ. ಎರಡು ಗುಟುಕು ಗಂಜಿ ಕುಡಿದು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ವೈದ್ಯರು ನಮ್ಮ ಮನೆಯವರನ್ನು ಹೊರಗೆ ಕರೆದು, ರೋಗವೇನೂ ಉಳಿದಿಲ್ಲ, ಇನ್ನೊಂದು ವಾರದಲ್ಲಿ ಬಾಯಿಗೆ ರುಚಿ ಹತ್ತದಿದ್ದರೆ ಮಾತ್ರ ಎದ್ದೇಳುವುದು ಕಷ್ಟ ಎಂದರು. ಕೋಣೆಯೊಳಗೆ ಹೊಗೆ ಹೋಗಬಾರದು ಎಂದೂ ಹೇಳಿದರು. ಏನು ಮಾಡಿ ಕೊಟ್ಟರೂ ಅತ್ತೆ ಬೇಡ ಎಂದರು. ಐದನೆಯ ದಿನ ತಾವಾಗಿಯೇ ನನ್ನನ್ನು ಕರೆದರು.

“ಮಾವಿನಹಣ್ಣು ಹಾಕಿ ಕೆಂಡದ ಹಣ್ಣು ಮಾಡವಾ. ನಾ ತಿನ್ನೂದಿಲ್ಲ. ವಾಸನಿ ತಗೊಳ್ಳೂದಿಲ್ಲಂತ ನಾ ಗಂಗಿಗೆ ಹೇಳಿಲ್ಲ.”

ಮಾಡುತ್ತೇನೆ ಎಂದೆ. ಹೊರಡಲು ಎದ್ದಾಗ ಇನ್ನೊಂದು ಮಾತು ಹೇಳಿದರು: ಮಡಿಯಲ್ಲಿಯೇ ಮಾಡಬೇಕು. ವಾಸನೆಗೂ ಮಡಿ ಬೇಕಾಗಿತ್ತು.

೫. ಕೆಂಡದ ಗಡಿಗೆ

ಅತ್ತೆಯ ಕೋಣೆಯ ಕಿಟಕಿ ಹಿತ್ತಲಿಗಿತ್ತು. ಅಲ್ಲಿ ಬೆಂಕಿ ಹಾಕಿದರೆ ಹೊಗೆ ಒಳಗೆ ಹೋಗುತ್ತದೆ. ಅದಕ್ಕೆ ಮುಂಬಾಗಿಲ ಅಂಗಳದಲ್ಲಿ, ಓಣಿಯ ಬದಿಗೆ ಮೂರು ಕಲ್ಲು ಹೂಡಿದೆ. ಕೆಂಡ ಒಳಗೆ ಅಡುಗೆಮನೆಯ ಒಲೆಯಲ್ಲಿತ್ತು. ನಮ್ಮ ಮನೆಯವರು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಬರಿಮೈಯಲ್ಲಿ ಒಂದು ಮಣ್ಣಿನ ಗಡಿಗೆಗೆ ಕೆಂಡ ತುಂಬಿ, ಗಡಿಗೆ ಸುಡುತ್ತದೆಂದು ಹಗ್ಗದಲ್ಲಿ ತೂಗುಬಿಟ್ಟು ಹಿಡಿದು ಹೊರಗೆ ಹೊರಟರು. ಹೊಗೆಗೆ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಿಂದೆ ನಾನು, ತಲೆಗೂದಲು ಒದ್ದೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.

ಒಳಗೆ ಹಾಸಿಗೆ ಹಿಡಿದ ತಾಯಿ, ಹೊರಗೆ ಮಗನ ಕೈಯಲ್ಲಿ ಕೆಂಡದ ಗಡಿಗೆ. ನಮ್ಮಲ್ಲಿ ಇದಕ್ಕೆ ಬೇರೆ ಅರ್ಥವೇ ಇಲ್ಲ.

ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಕಾಕಾ. ಅವರು ಎದ್ದು ನಿಂತು ತಲೆಯ ರುಮಾಲು ತೆಗೆದರು. ಆಮೇಲೆ ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸಿದರು. ನಾವು ಓಣಿಗೆ ಬೆನ್ನು ಮಾಡಿ ಬೆಂಕಿ ಊದುತ್ತಿದ್ದೆವು. ಬಾಣಲೆ ಇಟ್ಟು, ಹಂಚು ಮುಚ್ಚಿ, ಮೇಲೆ ಕೆಂಡ ಹರವಿ ಹಿಂದೆ ತಿರುಗಿದರೆ ಅಂಗಳದ ತುಂಬ ಜನ. ಒಬ್ಬರು ಆಗಲೇ ಎರಡು ಬಿದಿರು ತಂದು ಗೋಡೆಗೆ ಆನಿಸಿದ್ದರು.

ನಮ್ಮ ಮನೆಯವರಿಗೆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅನ್ನಿಸಿತು. ಮೆಲ್ಲಗೆ ಕೇಳಿದರು.

“ಯಾರು ಹೋದ್ರು, ಕಾಕಾ?”

ತಾಯಿ ಹೋದ ದುಃಖಕ್ಕೆ ಹುಡುಗನ ತಲೆ ಕೆಟ್ಟಿದೆ ಎಂದುಕೊಂಡ ಕಾಕಾ ಅವರ ಹೆಗಲ ಮೇಲೆ ಕೈ ಇಟ್ಟು, ಧೈರ್ಯ ತಗೋ ಎಂದರು. ಅಷ್ಟರಲ್ಲಿ ಮಾವಶಿ ನನ್ನನ್ನು ತಬ್ಬಿಕೊಂಡು ಅಳಲಿಕ್ಕೆ ಶುರು ಮಾಡಿದಳು. ಅತ್ತೆಯ ಗುಣಗಳನ್ನು ಒಂದೊಂದಾಗಿ ಹೇಳಿದಳು. ಎಂಥ ಕೈ, ಎಂಥ ಮನಸ್ಸು, ಕೇಳುವ ಮೊದಲೇ ಕೊಡುವವಳು, ತಾಮ್ರದ ಪರಾತ ತಿರುಗಿ ಕೊಡಲು ಹೋದರೆ ನೀನೇ ಇಟ್ಟುಕೋ ಎಂದು ಕೈಯಲ್ಲಿ ಇಟ್ಟವಳು ಎಂದು ಗೋಳಾಡಿದಳು.

ಆಗ ಒಳಗಿನಿಂದ ಒಂದು ಧ್ವನಿ ಬಂತು.

“ಇಟ್ಟುಕೋ ಅಂದಿಲ್ಲ. ಮದವಿ ಮುಗಿದ ಮ್ಯಾಲೆ ತಂದು ಕೊಡು ಅಂದೇನಿ.”

ಎಂಟು ದಿನದಿಂದ ಅತ್ತೆಯ ದನಿ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅಂದು ಓಣಿಯ ತುದಿಯವರೆಗೆ ಕೇಳಿಸಿತು. ಗೋಡೆ ಹಿಡಿದುಕೊಂಡು ತಾವೇ ಬಾಗಿಲಿಗೆ ಬಂದು ನಿಂತರು. ಜನರನ್ನು ನೋಡಿದರು, ಬಿದಿರನ್ನು ನೋಡಿದರು, ಕಾಕಾನ ಬರಿತಲೆಯನ್ನು ನೋಡಿದರು. ಅಷ್ಟರಲ್ಲಿ ನಾನು ಹಂಚು ತೆಗೆದೆ. ಅವತ್ತು ಮೇಲೂ ಕೆಳಗೂ ಹದವಾಗಿ ಬೆಂದಿತ್ತು. ಮಾವಿನಹಣ್ಣಿನ ವಾಸನೆ ಅಂಗಳ ತುಂಬಿತು. ಅತ್ತೆ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಒಂದು ವಾಟಿಯಲ್ಲಿ, ಆ ಸಣ್ಣ ಬಟ್ಟಲಿನಲ್ಲಿ, ಹಾಕಿ ಕೊಡು ಎಂದರು. ಅವ್ವಾ, ಕಾಶಿಯ ಮಾತು ಏನಾಯಿತು ಎಂದು ನಮ್ಮ ಮನೆಯವರು ಕೇಳಿದರು.

“ಸಾಯೂತನಕ ಮುಟ್ಟೂದಿಲ್ಲ ಅಂದಿದ್ದೆ. ಇಷ್ಟು ಮಂದಿ ಬಂದು ಅತ್ತಾರ. ಬಿದಿರು ಬಂದಾವ. ಶಿರಸ್ತೇದಾರ್ರ, ನೀವು ಕೋರ್ಟಿನ್ಯಾಗ ಇದ್ದವರು, ಖರೇ ಹೇಳ್ರಿ. ನಾ ಹೋದದ್ದು ನೀವು ಕಂಡೀರೋ ಇಲ್ಲೋ?”

ಕಾಕಾ ಗಡಿಗೆಯ ಕಡೆ ನೋಡಿದರು. ಮಗನ ಕೈಯಲ್ಲಿ ಗಡಿಗೆ ಕಂಡದ್ದಂತೂ ನಿಜವಾಗಿತ್ತು. ಕಡೆಗೆ ರುಮಾಲನ್ನು ತಲೆಗೆ ಸುತ್ತಿಕೊಂಡು, ಸಾಕ್ಷಿ ಹೇಳುವವರ ಹಾಗೆ ನೆಟ್ಟಗೆ ನಿಂತರು.

“ಕಂಡೇನ್ರಿ,” ಎಂದರು.

ಅತ್ತೆ ತಿಂದರು. ಮೊದಲ ತುತ್ತು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅಲ್ಲಿ ಹೊಗೆ ಇರಲಿಲ್ಲ. ಎರಡನೆಯ ವಾಟಿ ತಾವೇ ಕೇಳಿದರು. ಆಮೇಲೆ ಜನರ ಕಡೆ ನೋಡಿ, ಸಾವಿಗೆ ಬಂದವರು ಮೈಮೇಲೆ ನೀರು ಹಾಕಿಕೊಳ್ಳದೆ ಹೇಗೆ ತಿನ್ನುತ್ತೀರಿ, ಎಲ್ಲರೂ ಹೋಗಿ ಸ್ನಾನ ಮಾಡಿ ಒಂದೊಂದು ವಾಟಿ ತನ್ನಿ ಎಂದರು. ಮಾವಶಿಗೆ ಮಾತ್ರ ಪರಾತ ತರಲು ಹೇಳಿದರು.

೬. ವಾಟಿ

ಆಮೇಲೆ ಅತ್ತೆ ಆರು ಬ್ಯಾಸಗಿ ಬದುಕಿದರು. ಪ್ರತಿ ವರ್ಷ ಮೊದಲ ಮಾವಿನಹಣ್ಣಿಗೆ ಅಂಗಳದಲ್ಲಿ ಕೆಂಡದ ಗಡಿಗೆ ಬರುತ್ತಿತ್ತು. ಅತ್ತೆ ಕಾಕಾನನ್ನು ಕರೆಸಿ ಕೇಳುವರು, ಕಾಕಾ ರುಮಾಲು ಸರಿಮಾಡಿಕೊಂಡು ಕಂಡೇನ್ರಿ ಎನ್ನುವರು, ಆಮೇಲೆಯೇ ತಿನ್ನುವರು. ಗಡಿಗೆ ಕಂಡೊಡನೆ ಓಣಿಯವರೆಲ್ಲ ಸ್ನಾನ ಮಾಡಿ ವಾಟಿ ಹಿಡಿದು ಬರುವುದು ರೂಢಿಯಾಯಿತು.

ಏಳನೆಯ ಬ್ಯಾಸಗಿಯಲ್ಲಿ, ಹುಲ್ಲಿನಲ್ಲಿ ಹಣ್ಣಿಗಿಟ್ಟ ಕಾಯಿ ಇನ್ನೂ ಬಣ್ಣ ತಿರುಗುತ್ತಿದ್ದಾಗ, ಒಂದು ಬೆಳಗಿನ ಜಾವ ಅತ್ತೆ ನಿದ್ದೆಯಲ್ಲಿಯೇ ಹೋದರು. ನಮ್ಮ ಮನೆಯವರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಕೆಂಡದ ಗಡಿಗೆ ತಂದು ಅಂಗಳದಲ್ಲಿಟ್ಟರು. ಅವರು ಅತ್ತಿರಲಿಲ್ಲ. ಅಳು ಬರಲೊಲ್ಲದು ಎಂದು ಕೂತಿದ್ದರು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು. ಕಾಕಾ ಹೊರಗೆ ಬಂದರು. ಸ್ನಾನ ಮಾಡಿ, ರುಮಾಲು ಸುತ್ತಿ, ಕೈಯಲ್ಲಿ ವಾಟಿ. ಹಿಂದೆ ಮಾವಶಿ, ಅವಳ ಕೈಯಲ್ಲಿ ಎರಡು ವಾಟಿ. ಅಂಗಳಕ್ಕೆ ಬಂದು ನಿಂತು ನಗುತ್ತ ಬಾಗಿಲ ಕಡೆ ನೋಡಿದರು. ಒಳಗಿನಿಂದ ಯಾರೂ ಕರೆಯಲಿಲ್ಲ. ಆಗ ಅವರಿಗೆ ತಿಳಿಯಿತು. ಕಾಕಾ ವಾಟಿಯನ್ನು ಬೆನ್ನ ಹಿಂದೆ ಅಡಗಿಸಲು ಹೋದರು. ಅದನ್ನು ನೋಡಿ ನಮ್ಮ ಮನೆಯವರಿಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು, ಮತ್ತೆ ನಿಲ್ಲಲಿಲ್ಲ. ಕಾಕಾ ಒಂದು ಕೈಯಲ್ಲಿ ವಾಟಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವರನ್ನು ಅಪ್ಪಿಕೊಂಡರು.

ಹದಿಮೂರನೆಯ ದಿನ ಹಣ್ಣು ಮಾಗಿದ್ದವು. ಹೋದವರಿಗೆ ಸೇರುವುದನ್ನು ಮಾಡಿ ಬಡಿಸಬೇಕಲ್ಲ, ಕೆಂಡದ ಹಣ್ಣನ್ನೇ ಮಾಡಿದೆ. ಮಾವಶಿ ತಿರುಗಿ ಕೊಟ್ಟ ಪರಾತವನ್ನೇ ಮೇಲೆ ಮುಚ್ಚಿದೆ. ಕಾಕಾ ಅದೇ ವಾಟಿ ತಂದಿದ್ದರು. ಅರ್ಧ ತಿಂದು, ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು.

“ಏಳು ಸಲ ಸುಳ್ಳು ಸಾಕ್ಷಿ ಹೇಳೇನವಾ,” ಎಂದರು. “ಈ ಸಲ ಯಾರು ಕೇಳಿದ್ರೂ, ನಿಮ್ಮತ್ತಿ ಹೋದದ್ದು ನಾ ಕಂಡಿಲ್ಲಂತ ಹೇಳ್ತೇನಿ.”