ಮೊಟ್ಟೆಯಣ್ಣನ ಮನೆಗೆ ಎರಡನೇ ಬಿರುಗಾಳಿ

ಕೆಟ್ಟ ನೆರೆಯವರಿದ್ದರೆ ಜಗಳವಾಡಬಹುದು. ಒಳ್ಳೆಯವರಾಗಿಬಿಟ್ಟರೆ ಯಾರ ಹತ್ತಿರ ದೂರು ಹೇಳುವುದು? ಮೊಟ್ಟೆಯಣ್ಣನ ಕಷ್ಟ ಶುರುವಾದದ್ದೇ ಹೀಗೆ.

ಹೋದ ತಿಂಗಳ ಬಿರುಗಾಳಿ ಅವನ ಕೋಳಿ ಶೆಡ್ಡಿನ ಚಾವಣಿಯನ್ನು ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಕೋಳಿಗಳೆಲ್ಲ ಮನೆಯೊಳಗೇ ಬಿಡಾರ ಹೂಡಿದ್ದವು. ಹುಂಜವಂತೂ ಟೀವಿಯ ಮೇಲೆ ಕೂತು, ಯಜಮಾನ ತಾನೇ ಎಂಬಂತೆ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು. "ಇವತ್ತು ಸಂಜೆಯೊಳಗೆ ಅವು ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನಾನು ತವರಿಗೆ," ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು. ಪುಣ್ಯಕ್ಕೆ ಪರಿಹಾರದ ಅಧಿಕಾರಿ ಬರುವುದೂ ಅಂದೇ ಇತ್ತು.

ಪೇಟೆಯಲ್ಲಿ ಮೊಟ್ಟೆ ಮಾರಿ ಮಧ್ಯಾಹ್ನ ಮರಳಿದ ಮೊಟ್ಟೆಯಣ್ಣ ಅಂಗಳದಲ್ಲೇ ಕಲ್ಲಾದ. ಶೆಡ್ಡಿನ ಮೇಲೆ ಚಾವಣಿ ಇತ್ತು! ಪಕ್ಕದ ಮನೆಯ ಬಡಗಿ ಏಣಿಯ ಮೇಲೆ, ಎದುರು ಮನೆಯ ನಿವೃತ್ತ ಮೇಷ್ಟ್ರು ಕೆಳಗೆ ಮೊಳೆ ಹಿಡಿದುಕೊಂಡು.

"ನೀನು ಬಾಯಿಬಿಟ್ಟು ಕೇಳೋನಲ್ಲ. ಅದಕ್ಕೇ ಹಳೇ ತಗಡು ಹುಡುಕಿ ನಾವೇ ಹಾಕಿಬಿಟ್ವಿ!" ಎಂದು ಬಡಗಿ ಹಲ್ಲುಕಿರಿದ.

"ಅಯ್ಯೋ, ಮನೆಹಾಳ ಕೆಲಸ ಮಾಡಿದ್ರಲ್ಲೋ! ಅಧಿಕಾರಿಗೆ ಈಗ ಏನು ತೋರಿಸ್ಲಿ?"

"ರೀ, ಪರಿಹಾರ ಹಾಳಾಗ್ಲಿ. ಕೋಳಿಗಳನ್ನ ಒಳಗೆ ಬಿಟ್ಟು ಬಾಗಿಲು ಹಾಕಿ," ಎಂದಳು ಹೆಂಡತಿ.

"ಸುಮ್ನಿರೇ! ಇಷ್ಟು ದಿನ ಹುಂಜದ ಪಕ್ಕ ಮಲಗಿದ್ದು ಈ ತೂತು ತಗಡಿಗಾ?"

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಯಾರೂ ಕೇಳದಿದ್ದರೂ ಸಲಹೆ ಕೊಡುವುದು ಅವರ ಹಳೆಯ ಕಾಯಿಲೆ. "ಸರ್ಕಾರ ಕಣ್ಣಿಗೆ ಕಂಡದ್ದನ್ನ ಮಾತ್ರ ನಂಬೋದು. ಬಿಚ್ರಯ್ಯಾ!"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಗಡುಗಳು ದಡಬಡನೆ ಉರುಳಿದವು. "ಗಾಳಿ ಪಶ್ಚಿಮದಿಂದ ಬಂದಿತ್ತು, ಎಲ್ಲಾ ಪೂರ್ವಕ್ಕೆ ಬೀಳ್ಬೇಕು!" ಎಂದು ಮೇಷ್ಟ್ರು ಪಾಠ ಹೇಳಿದರು. ಬಡಗಿಗೂ ಹುರುಪು ಬಂತು. "ಈ ಗೋಡೆ ಇಷ್ಟು ನೆಟ್ಟಗಿದ್ರೆ ಅನುಮಾನ ಬರುತ್ತಪ್ಪಾ," ಎಂದವನೇ ಹೆಗಲು ಕೊಟ್ಟು ನೂಕಿದ. ಬಿರುಗಾಳಿಯೇ ಕರುಣೆಯಿಂದ ಬಿಟ್ಟುಹೋಗಿದ್ದ ಗೋಡೆ ಮಲಗಿಬಿಟ್ಟಿತು.

ಧೂಳು ಅಡಗುವಷ್ಟರಲ್ಲಿ ಅಧಿಕಾರಿ ಸ್ಕೂಟರಿನಲ್ಲಿ ಬಂದಿಳಿದರು. ಗಟ್ಟಿ ಹೆಂಗಸು.

"ಇದೇನ್ರೀ ಇದು?"

"ಬಿರುಗಾಳಿ ಮೇಡಂ!" ಮೊಟ್ಟೆಯಣ್ಣ ಮೂಗು ಒರೆಸಿಕೊಂಡ. "ಅವತ್ತು ಹೇಗೆ ಬಿತ್ತೋ ಹಾಗೇ ಇದೆ. ಒಂದು ಮೊಳೆನೂ ಮುಟ್ಟಿಲ್ಲ."

"ನಾನೇ ಸಾಕ್ಷಿ," ಎಂದರು ಮೇಷ್ಟ್ರು.

"ಬಿದ್ದಿದ್ದು ಗೊತ್ತು ಬಿಡಿ. ಮಾರನೇ ದಿನವೇ ಡ್ರೋನ್ ಹಾರಿಸಿ ಫೋಟೋ ತೆಗೆದಿದ್ದೀವಿ. ನಿಮ್ಮ ಪರಿಹಾರ ಮಂಜೂರಾಗಿದೆ."

ಮೊಟ್ಟೆಯಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಆದ್ರೆ ಹೋದ ಸಲ ದುಡ್ಡು ತಗೊಂಡೋರು ಶೆಡ್ಡು ಬಿಟ್ಟು ಮೊಬೈಲು ಕೊಂಡ್ರು. ಅದಕ್ಕೇ ಈ ಸಲ ರಿಪೇರಿ ಆಗಿರೋದನ್ನ ಕಣ್ಣಾರೆ ನೋಡಿದ್ರೆ ಮಾತ್ರ ದುಡ್ಡು. ಹಳೇ ತಗಡು ಹಾಕಿದ್ರೂ ಸಾಕಾಗಿತ್ತು. ಇವತ್ತೇ ಕೊನೇ ದಿನ. ನೀವು ನೋಡಿದ್ರೆ ಒಂದು ಮೊಳೆನೂ ಮುಟ್ಟಿಲ್ಲ ಅಂತೀರಿ."

"ಮೇಡಂ, ಮಧ್ಯಾಹ್ನ ಪೂರ್ತಿ ರಿಪೇರಿ ಆಗಿತ್ತು! ದೇವರಾಣೆ!"

"ಆಮೇಲೆ?"

"ಆಮೇಲೆ... ಗಾಳಿ ಬಂತು," ಎಂದರು ಮೇಷ್ಟ್ರು. ಅಂಗಳದ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಮೊಟ್ಟೆಯಣ್ಣ ಇಂಗು ತಿಂದ ಮಂಗನಂತೆ ಬಡಗಿಯ ಕಡೆ ತಿರುಗಿದ. "ಇನ್ನೊಂದ್ಸಲ ಕಟ್ಟಿಕೊಡೋ ಮಾರಾಯ."

"ಬೆಳಿಗ್ಗೆ ಕಟ್ಟಿದ್ದು ಸ್ನೇಹಕ್ಕೆ. ಈಗ ಗೋಡೆ ಬೇರೆ ಬಿದ್ದಿದೆ ನೋಡು. ಇನ್ನು ಕೂಲಿಗೇ ಕಣಣ್ಣಾ."

ಹೆಂಡತಿ ಚೀಲ ಹಿಡಿದು ಬಸ್‌ಸ್ಟಾಪಿನ ಕಡೆ ನಡೆದಳು. ಅವಳನ್ನು ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಮೊಟ್ಟೆಯಣ್ಣ ಒಳಗೆ ಹೋದ. ಹುಂಜ ಟೀವಿ ಬಿಟ್ಟು ಅವಳ ದಿಂಬಿನ ಮೇಲೆ ಆರಾಮಾಗಿ ಕೂತಿತ್ತು.