ಬೆಣ್ಣೆಯ ಬಾಣಂತನ

ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆದ ಫೋಟೋಗ್ರಾಫರ್ ಬೆಚ್ಚಿಬಿದ್ದ. ಬೆಣ್ಣೆ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಬುಟ್ಟಿಯಲ್ಲಿ ಹಾಸಿಗೆ ಮಾಡುತ್ತಿತ್ತು! ಫೋಟೋಕ್ಕೆ ಕೂತ ಮಕ್ಕಳು ಅಳದಿರಲೆಂದು ಅವನು ಸಾಕಿದ್ದ ಒಂಟಿ ಹೆಣ್ಣು ಮೊಲ ಅದು.

ಪಕ್ಕದಂಗಡಿಯ ಟೈಲರ್ ಇಣುಕಿದ. "ಬಸುರಿ ಕಣಯ್ಯಾ!"

"ಗಂಡು ಮೊಲದ ನೆರಳೂ ಬಿದ್ದಿಲ್ಲವಲ್ಲೋ!"

"ಎಲ್ಲರೂ ಹಾಗೇ ಹೇಳೋದು," ಎಂದ ಟೈಲರ್ ಅಳತೆ ಟೇಪು ಹಿಡಿದು ಹೊಟ್ಟೆ ಅಳೆಯಲು ಬಂದ.

ಸುದ್ದಿಗೆ ಕಾಲು ಬಂತು. ಎದುರಿನ ಕಟಿಂಗ್ ಶಾಪಿನವನು ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯ ಸಮೇತ ಓಡಿ ಬಂದ. ಕೊನೆಗೆ ಮಹಡಿಯಿಂದ ಕಟ್ಟಡದ ಒಡತಿ ಅಜ್ಜಿಯೇ ಇಳಿದು ಬಂದರು.

"ಒಂದು ಮೊಲ ಅಂತ ಸುಮ್ಮನಿದ್ದೆ. ಒಂದೇ ಒಂದು ಮರಿ ಕಣ್ಣಿಗೆ ಬಿದ್ದರೂ ನೀನು ಗಂಟು ಕಟ್ಟು!"

ಫೋಟೋಗ್ರಾಫರ್ ಬುಟ್ಟಿ ಎತ್ತಿಕೊಂಡು ಪಶುವೈದ್ಯೆಯ ಬಳಿಗೆ ಓಡಿದ. ಅವರು ಹೊಟ್ಟೆ ಮುಟ್ಟಿ ನೋಡಿ ನಕ್ಕರು.

"ಮರಿ ಇಲ್ಲ. ಸುಳ್ಳು ಬಸುರು. ಇದರ ಬೆನ್ನು ಯಾರು ಸವರ್ತಾರೆ?"

"ಬಂದ ಮಕ್ಕಳೆಲ್ಲ, ಮೇಡಂ."

"ಅದೇ ಮತ್ತೆ! ಮೊಲದ ಅಂಡಾಶಯ ತಾನಾಗಿ ಅಂಡ ಬಿಡಲ್ಲ, ಕಾಯ್ತಾ ಕೂತಿರುತ್ತೆ. ಗಂಡು ಸೇರಿದಾಗ ಮಿದುಳು ರಕ್ತದಲ್ಲಿ ಹಾರ್ಮೋನು ಕಳಿಸಿ 'ಬಿಡು' ಅನ್ನುತ್ತೆ. ಒಂದೊಂದು ಸಲ ಬೆನ್ನು ಸವರಿದರೂ ಮಿದುಳು ಮೋಸಹೋಗುತ್ತೆ. ಆಮೇಲೆ ಅಂಡ ಬಿಟ್ಟ ಜಾಗದಿಂದ ಇನ್ನೊಂದು ಹಾರ್ಮೋನು ಹೊರಟು 'ನೀನೀಗ ಬಸುರಿ' ಅಂತ ಮೈಗೆಲ್ಲ ಸಾರುತ್ತೆ. ಆ ಹಾರ್ಮೋನು ಇಳಿಯೋ ಹೊತ್ತಿಗೆ ಗೂಡು ಕಟ್ಟೋದು, ಹಾಲು ಬರೋದು, ಎಲ್ಲ ನಿಜದ ಹಾಗೇ."

ಫೋಟೋಗ್ರಾಫರ್ ಬಾಯಿ ಮುಚ್ಚುವುದನ್ನೇ ಮರೆತ. ತೊಡೆಯ ಮೇಲೆ ಹಿಡಿಸುವಷ್ಟು ಜೀವ. ಅದರೊಳಗೆ ಇಷ್ಟೊಂದು ಕರೆ, ಇಷ್ಟೊಂದು ಓಗೊಡುವಿಕೆ! ಯಾವುದೋ ಮಗು ಪ್ರೀತಿಯಿಂದ ಕೈಯಾಡಿಸಿದ್ದಕ್ಕೆ ಇಡೀ ಮೈ ತಾಯಿಯಾಗಿಬಿಟ್ಟಿತೇ! ಮರಿಯಿಲ್ಲವೆಂಬ ಸಂತೋಷವೂ ಆ ಬೆರಗಿನಲ್ಲಿ ಮುಳುಗಿಹೋಯಿತು.

"ಹಾಲು ಚೆನ್ನಾಗಿ ಬಂದಿದೆ!" ವೈದ್ಯೆಯ ಕಣ್ಣರಳಿತು. ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದರು. "ಇವತ್ತು ತಾಯಿ ಸತ್ತ ತಬ್ಬಲಿಗಳು. ಇಲ್ಲ ಅನ್ನಬೇಡಿ."

ಒಳಗೆ ಕಣ್ಣೂ ಬಿಡದ ಏಳು ಮೊಲದ ಮರಿಗಳು ಹೊರಳಾಡುತ್ತಿದ್ದವು. ಅವನು ಪೆಟ್ಟಿಗೆಗೆ ಕೈ ಚಾಚಿದ.

ಸ್ಟುಡಿಯೋದಲ್ಲಿ ಇಡೀ ಬೀದಿಯೇ ಕಾದಿತ್ತು. ಅವನು ಮರಿಗಳನ್ನು ಬುಟ್ಟಿಗಿಟ್ಟ. ಬೆಣ್ಣೆ ಮೂಸಿತು, ಸುಮ್ಮನಾಯಿತು, ಮತ್ತೆ ಮೂಸಿತು. ಆಮೇಲೆ ಮೆಲ್ಲಗೆ ಅವುಗಳ ಮೇಲೆ ಬಂದು ನಿಂತು ಹಾಲೂಡಿಸಿತು.

ಅಜ್ಜಿ ಕಣ್ಣೊರೆಸಿಕೊಂಡರು.

"ಅಜ್ಜಿ... ಗಂಟು ಕಟ್ಟಲಾ?" ಎಂದ ಅವನು.

"ಹಸಿ ಬಾಣಂತೀನ ಬೀದಿಗೆ ಹಾಕೋ ಪಾಪಿ ಅಲ್ಲಪ್ಪ ನಾನು."

ಅವನು ಕೈಮುಗಿದ.

"ಅವಳು ಇಲ್ಲೇ ಇರಲಿ," ಎಂದರು ಅಜ್ಜಿ. "ಬಾಣಂತಿ ಕೋಣೇಲಿ ಗಂಡಸರಿಗೇನು ಕೆಲಸ? ನೀನು ಖಾಲಿ ಮಾಡು!"