ಅರ್ಧ ಕ್ಯಾರೆಟ್ಟಿನ ಪೂರ್ತಿ ಬೆಲೆ

"ನಲವತ್ತು ಸಾವಿರಾನಾ?" ಎಂದು ಹೆಡ್ ಕ್ಲರ್ಕು ತೆರೆದ ಬಾಯಿ ಮುಚ್ಚಲು ಮರೆತದ್ದೇ ಆ ದಿನದ ಅನಾಹುತಕ್ಕೆಲ್ಲ ಮೂಲ.

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಿಗೆ ಅಂಗಡಿಯವರು ಇಟ್ಟಿದ್ದ ಹೆಸರು ಮುದ್ರೆ ಸಾಹೇಬರು. ತಕ್ಕಡಿ ಸರಿಯಿದ್ದರೆ ಮುದ್ರೆ, ತಪ್ಪಿದ್ದರೆ ದಂಡ, ನಡುವೆ ಮಾತಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾವ ಅಂಗಡಿಯಲ್ಲೂ ಅರ್ಧ ಲೋಟ ಟೀ ಕುಡಿದವರಲ್ಲ. ಇಂಥವರು ಹಿಂದಿನ ದಿನ ಒಂದು ವಜ್ರದ ಹರಳು ಕೊಂಡಿದ್ದರು. ಹೆಂಡತಿಯ ಮದುವೆ ಉಂಗುರದ ಹರಳು ಹನ್ನೊಂದು ವರ್ಷದ ಹಿಂದೆ ಪಾತ್ರೆ ತೊಳೆಯುವಾಗ ಕಳಚಿ ಬಚ್ಚಲ ಪಾಲಾಗಿತ್ತು. ಅಂದಿನಿಂದ ಆಕೆ ಹಲ್ಲು ಬಿದ್ದ ಬಾಯಿಯಂಥ ಆ ಉಂಗುರವನ್ನೇ ಹಾಕಿಕೊಂಡು ಓಡಾಡುತ್ತಿದ್ದರು, ಒಂದು ದಿನವೂ ಕೇಳಿದವರಲ್ಲ. ಇವತ್ತಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ. "ಸಂಜೆ ಆ ಉಂಗುರದ ತೂತು ತುಂಬ್ತೀನಿ" ಎಂದು ಬೆಳಿಗ್ಗೆ ಮಾತು ಕೊಟ್ಟೇ ಸಾಹೇಬರು ಮನೆ ಬಿಟ್ಟಿದ್ದರು.

"ನನ್ನ ಷಡ್ಡಕ ಇಷ್ಟೇ ದಪ್ಪದ್ದನ್ನ ಇಪ್ಪತ್ತಕ್ಕೆ ತಂದ," ಎಂದರು ಹೆಡ್ ಕ್ಲರ್ಕು. "ಊರಿಗೆಲ್ಲಾ ತೂಕ ಹೇಳೋ ನಿಮಗೇ ಟೋಪಿ ಹಾಕಿದ್ರಲ್ಲ ಸಾರ್!"

"ಮೊದಲು ಅದು ವಜ್ರ ಹೌದೋ ಅಲ್ವೋ ನೋಡಿ," ಎಂದಳು ಟೈಪಿಸ್ಟು. "ನಿಜವಾದ್ದು ಗಾಜು ಕುಯ್ಯುತ್ತೆ."

ಸಾಹೇಬರು ಮೆದು ಮನುಷ್ಯರು, ಆದರೆ ಪಟ್ಟು ಹಿಡಿದರೆ ಉಡದ ಹಾಗೆ. ಸಂಜೆಯೊಳಗೆ ಈ ಹರಳಿನ ನ್ಯಾಯವಾದ ಬೆಲೆ ತಿಳಿಯದೆ ಮನೆಯ ಹೊಸಿಲು ದಾಟುವುದಿಲ್ಲ ಎಂದು ಅಲ್ಲೇ ಸಂಕಲ್ಪ ಮಾಡಿದರು. ಮೋಸ ಹೋಗಿ ತಂದ ಹರಳನ್ನು ಹೆಂಡತಿಯ ಬೆರಳಿಗೆ ಇಡುವುದು ಹೇಗೆ? ಕಚೇರಿಯ ಕಿಟಕಿಗಳಿಗೆ ಗಾಜಿನ ಬದಲು ರಟ್ಟು ಬಡಿದು ಎಷ್ಟೋ ಕಾಲವಾಗಿತ್ತು. ಇಡೀ ಕಟ್ಟಡದಲ್ಲಿ ಬಿರುಕಿಲ್ಲದ ಗಾಜು ಇದ್ದದ್ದು ಮೇಲಧಿಕಾರಿಯ ಮೇಜಿನ ಮೇಲೆ ಮಾತ್ರ. ಅದರ ಮೂಲೆಯಲ್ಲಿ ಒಂದು ಸಣ್ಣ ಗೀರು ಎಳೆದರೆ ಸಾಕಿತ್ತು. ಸಾಹೇಬರು ಇಲಾಖೆಯವರು, ಅಳತೆ ಸರಿಯಿರಲೆಂದು ಸ್ಕೇಲು ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಅರ್ಧ ಗಂಟೆ ಬಿಟ್ಟು ಮೇಲಧಿಕಾರಿ ಬಂದು ಮೊಣಕೈ ಊರಿದೊಡನೆ ಗಾಜು ಸರಿಯಾಗಿ ಎರಡು ಪಾಲಾಯಿತು.

"ವಜ್ರ ನಿಜವಾದ್ದೇ ಸಾರ್," ಎಂದರು ಸಾಹೇಬರು, ತಡೆಯಲಾರದೆ.

"ಗಾಜೂ ನಿಜವಾದ್ದೇ ಆಗಿತ್ತು ಕಣ್ರೀ! ಅರ್ಧ ದಿನ ರಜೆ ಬರೆದು ಹೊರಡಿ. ಬರೋವಾಗ ಹೊಸ ಗಾಜು ತನ್ನಿ."

ಸಾಹೇಬರ ಸ್ಕೂಟರು ಒಂಬತ್ತನೇ ಒದೆತಕ್ಕೆ ಸ್ಟಾರ್ಟ್ ಆಗುವಂಥದ್ದು. ಅದರ ಕೆಮ್ಮು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಚಿನಿವಾರರ ಬೀದಿಯಲ್ಲಿ ತಕ್ಕಡಿಗಳು ಬಚ್ಚಿಟ್ಟುಕೊಳ್ಳುತ್ತಿದ್ದವು. ಮೊದಲನೆಯ ಅಂಗಡಿಯವನು ಓಡಿಬಂದು ಕುರ್ಚಿ ಒರೆಸಿದ. ಸಾಹೇಬರು ಕೂರದೆ ಪೊಟ್ಟಣ ಬಿಚ್ಚಿದರು.

"ಇದಕ್ಕೆ ಎಷ್ಟಾಗುತ್ತೆ ಹೇಳಿ."

ಅಂಗಡಿಯವನು ಹರಳನ್ನು ನೋಡಲೇ ಇಲ್ಲ, ಸಾಹೇಬರ ಮುಖ ನೋಡಿದ. "ನೀವು ಎಷ್ಟಕ್ಕೆ ತಗೊಂಡ್ರಿ ಸಾರ್?"

"ನಲವತ್ತು."

"ಅದೇ ಸಾರ್ ಇದರ ಬೆಲೆ! ಒಂದು ಕಾಸು ಹೆಚ್ಚಿಲ್ಲ, ಕಮ್ಮಿ ಇಲ್ಲ."

ಎರಡನೆಯ ಅಂಗಡಿಯಲ್ಲಿ ಸಾಹೇಬರು ಬೇಕೆಂದೇ ಅರವತ್ತು ಎಂದರು. ಅಲ್ಲಿಯೂ ಅದೇ ಬೆಲೆ ಸರಿಯಾಗಿತ್ತು. ಮೂರನೆಯ ಅಂಗಡಿಯಲ್ಲಿ ಎಂಟು ಸಾವಿರ ಎಂದರೂ ಸರಿಯಾಗಿತ್ತು. ಸಾಹೇಬರಿಗೆ ಅಳು ಬರುವಷ್ಟು ಸಿಟ್ಟು ಬಂತು. ಇಪ್ಪತ್ತಾರು ವರ್ಷ ಊರಿಗೆಲ್ಲ ನಿಜವಾದ ತೂಕ ಕೊಡಿಸಿದ ಮನುಷ್ಯನಿಗೆ ನಿಜ ಹೇಳುವ ಒಬ್ಬನೂ ಈ ಬೀದಿಯಲ್ಲಿ ಇಲ್ಲವೇ?

ಇದ್ದ. ಬೀದಿಯ ಕೊನೆಯ ಕಟ್ಟಡದ ಮಹಡಿಯಲ್ಲಿದ್ದ ಮುದುಕರೊಬ್ಬರು ಹರಳು ಮಾರುತ್ತಿರಲಿಲ್ಲ, ಕೊಳ್ಳುತ್ತಿರಲಿಲ್ಲ. ಪರೀಕ್ಷೆ ಮಾಡಿ ಬೆಲೆ ಬರೆದುಕೊಡುವುದಷ್ಟೇ ಕೆಲಸ. ಊರಿನವರೆಲ್ಲ ಅವರನ್ನು ಅಜ್ಜ ಎನ್ನುತ್ತಿದ್ದರು. ಅವರಾದರೂ ಹೆದರದಿರಲೆಂದು ಸಾಹೇಬರು ಹೆಲ್ಮೆಟ್ ತೆಗೆಯದೆ, ಗಾಜು ಇಳಿಸಿಕೊಂಡೇ ಮೆಟ್ಟಿಲು ಹತ್ತಿದರು. ಕೊಟ್ಟ ಬೆಲೆ ಹೇಳಲಿಲ್ಲ, ಬಿಲ್ಲೂ ತೋರಿಸಲಿಲ್ಲ.

ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹರಳನ್ನು ಬಹಳ ಹೊತ್ತು ತಿರುಗಿಸಿದರು. ಸಾಹೇಬರ ಜೀವವೆಲ್ಲ ಆ ಇಕ್ಕುಳದ ತುದಿಯಲ್ಲಿತ್ತು. ಆಮೇಲೆ ಅಜ್ಜ ಹರಳನ್ನು ಪುಟ್ಟ ತಕ್ಕಡಿಯಲ್ಲಿಟ್ಟು ಹುಬ್ಬೇರಿಸಿದರು.

"ಮುಕ್ಕಾಲು ಕ್ಯಾರೆಟ್ ಇದೆ ಕಣಪ್ಪಾ. ನೋಡೋಕೆ ಸಣ್ಣದು ಅನ್ಸುತ್ತೆ. ಆದ್ರೆ ನನ್ನ ಕಣ್ಣಿಗೆ ಎಂಬತ್ತು ವರ್ಷ, ಅದು ಸುಳ್ಳು ಹೇಳಬಹುದು, ತಕ್ಕಡಿ ಹೇಳಲ್ಲ. ಒಂದು ಲಕ್ಷದ ಹತ್ತು ಸಾವಿರ ಧಾರಾಳವಾಗಿ ಬಾಳುತ್ತೆ."

ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬ ಮಾತು ಸಾಹೇಬರ ಎದೆಗೆ ನೇರವಾಗಿ ಇಳಿಯಿತು. ಅಜ್ಜ ಬರೆದುಕೊಟ್ಟ ಚೀಟಿ ಹಿಡಿದು ಮೆಟ್ಟಿಲಿಳಿಯುವಾಗ ಮೊದಲು ಖುಷಿಯಾಯಿತು. ನಾಲ್ಕನೇ ಮೆಟ್ಟಿಲಿನಲ್ಲಿ ಅಂಗಡಿಯ ಬಿಲ್ಲು ತೆಗೆದು ನೋಡಿದರು. ಬಿಲ್ಲಿನಲ್ಲಿ ಅರ್ಧ ಕ್ಯಾರೆಟ್ ಎಂದಿದೆ. ತೂಕ ಕಮ್ಮಿ ಬರೆದು ಹೆಚ್ಚು ಮಾಲು ಕೊಡುವ ವ್ಯಾಪಾರಿ ಎಲ್ಲಿಯಾದರೂ ಉಂಟೇ? ಹರಳು ಕೊಟ್ಟ ಅಂಗಡಿಗೆ ಸೋಮವಾರ ತನ್ನದೇ ತಪಾಸಣೆ! ಅಂದರೆ ಇದು ವಜ್ರವಲ್ಲ, ಲಂಚ!

ಸಾಹೇಬರು ಮುಂದಿಟ್ಟ ಚೀಟಿ ನೋಡಿ ಆ ಅಂಗಡಿಯ ಯಜಮಾನ ಕಣ್ಣು ಕಣ್ಣು ಬಿಟ್ಟ. "ಸಾರ್, ಅದು ಅರ್ಧ ಕ್ಯಾರೆಟ್ಟೇ. ಬೇಕಾದ್ರೆ ನಿಮ್ಮೆದುರೇ ಮತ್ತೆ ತೂಗ್ತೀನಿ."

"ನಿಮ್ಮ ತಕ್ಕಡಿ ನಂಬಬೇಕಾ ನಾನು?"

"ಇದಕ್ಕೆ ಮುದ್ರೆ ಹೊಡೆದಿದ್ದು ನೀವೇ ಅಲ್ವಾ ಸಾರ್!"

"ಮುದ್ರೆ ಹೊಡೆದ್ಮೇಲೆ ನೀವೇನು ಮಾಡಿದ್ರೋ ಯಾರಿಗೆ ಗೊತ್ತು? ಉಳಿದ ಎಪ್ಪತ್ತು ಸಾವಿರ ತಗೊಳ್ತೀರೋ, ಲಂಚ ಕೊಟ್ಟ ಕೇಸು ಹಾಕ್ಲೋ?"

"ಬೇಡ ಸಾರ್, ಹರಳೇ ವಾಪಸ್ ಕೊಟ್ಬಿಡಿ, ನಿಮ್ಮ ನಲವತ್ತು ತಗೊಳ್ಳಿ."

ಆ ಮಾತಿಗೆ ಸಾಹೇಬರು ಪೊಟ್ಟಣ ಹೊರತೆಗೆದರು. ಕಣ್ಣೆದುರು ಹನ್ನೊಂದು ವರ್ಷದ ಆ ಬೋಳು ಉಂಗುರ ಬಂತು. ನೇರ ಬ್ಯಾಂಕಿಗೆ ಹೋಗಿ, ಹೊಸ ಸ್ಕೂಟರಿಗೆಂದು ಆರು ವರ್ಷ ಕೂಡಿಟ್ಟದ್ದನ್ನು ಬಾಗಿಲು ಹಾಕುವ ಹೊತ್ತಿಗೆ ಬಿಡಿಸಿಕೊಂಡು ಬಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಯಜಮಾನ ಬೇಡ ಬೇಡ ಎನ್ನುತ್ತಲೇ ಹೊಸ ಬಿಲ್ಲು ಬರೆದ. ಅಷ್ಟಕ್ಕೂ ಬಿಡದೆ ಸಾಹೇಬರು ಅವನಿಂದ ಒಂದು ಮುಚ್ಚಳಿಕೆ ಬರೆಸಿದರು: 'ಈ ಇನ್‌ಸ್ಪೆಕ್ಟರಿಗೆ ನಾನು ಯಾವ ಕಾರಣಕ್ಕೂ, ಯಾವ ರೂಪದಲ್ಲೂ ಒಂದು ಕಾಸನ್ನೂ ಕೊಡತಕ್ಕವನಲ್ಲ.' ಒಂದು ಪ್ರತಿಯನ್ನು ಹೊಸ ಗಾಜಿನ ಜೊತೆ ಮೇಲಧಿಕಾರಿಗೆ ತಲುಪಿಸಿ ರಸೀತಿ ಪಡೆದರು. ಹೆಡ್ ಕ್ಲರ್ಕಿಗೆ ಅಜ್ಜನ ಚೀಟಿ ತೋರಿಸಿ, "ನಿಮ್ಮ ಷಡ್ಡಕನಿಗೆ ಹೇಳಿ" ಎಂದರು. ಇಡೀ ದಿನದಲ್ಲಿ ಅವರು ಸುಖಪಟ್ಟದ್ದು ಆ ಒಂದು ನಿಮಿಷ.

ಮನೆಯಲ್ಲಿ ಹೆಂಡತಿ ಪೊಟ್ಟಣ ಬಿಚ್ಚಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಉಂಗುರ ತೊಳೆದು ತರುತ್ತೇನೆಂದು ಒಳಗೆ ಹೋದರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಅಜ್ಜ, ಏದುಸಿರು ಬಿಡುತ್ತಾ ನಿಂತಿದ್ದಾರೆ.

"ತಪ್ಪಾಯ್ತು ಸಾಹೇಬ್ರೇ. ನೀವು ಹೋದ್ಮೇಲೆ ಹಳೇ ಗಿರಾಕಿಯೊಬ್ಬರು ಬಂದ್ರು. ಅವರ ಹರಳಿನ ತೂಕ ನನಗೆ ಬಾಯಿಪಾಠ. ಅದೂ ಒಂದೂವರೆ ಪಟ್ಟು ಬಂತು! ನನ್ನ ತಕ್ಕಡಿ ಕೆಟ್ಟಿದೆ. ನಿಮ್ಮದು ಅರ್ಧ ಕ್ಯಾರೆಟ್ಟೇ. ನಲವತ್ತಾದ್ರೆ ನ್ಯಾಯವಾದ ಬೆಲೆ."

"ಅಜ್ಜಾ, ಕೆಟ್ಟ ತಕ್ಕಡಿ ಇಟ್ಕೊಂಡು ಕೂತಿದ್ರಲ್ಲ! ಅದಕ್ಕೆ ಮುದ್ರೆ ಎಲ್ಲಿ?"

"ಅದರ ಅವಧಿ ಮುಗಿದು ಎರಡು ವರ್ಷ ಆಯ್ತು. ಬಂದು ನೋಡಿ ಅಂತ ನಿಮ್ಮ ಆಫೀಸಿಗೆ ಮೂರು ಅರ್ಜಿ ಹಾಕ್ದೆ. ನಿಮ್ಮ ಮೇಜಿನ ಮೇಲೇ ಇದೆಯಂತೆ. ಇವತ್ತು ಹೆಲ್ಮೆಟ್ ಹಾಕ್ಕೊಂಡು ಬಂದ್ರಲ್ಲ, ನಿಮ್ಮ ದನಿಯಲ್ಲೇ ಗುರುತು ಸಿಕ್ತು. ಎದುರಿಗೇ ಇದ್ರೂ ತಕ್ಕಡಿ ಬಗ್ಗೆ ನೀವು ಚಕಾರ ಎತ್ತಲಿಲ್ಲ. ಸರಿಯಾಗೇ ಇರಬೇಕು ಅಂದ್ಕೊಂಡೆ."

ದೀಪದ ಬುಡದಲ್ಲೇ ಕತ್ತಲು. ಇಪ್ಪತ್ತಾರು ವರ್ಷದಲ್ಲಿ ಸಾಹೇಬರು ಮುದ್ರೆ ನೋಡದೆ ನಂಬಿದ ತಕ್ಕಡಿ ಅದೊಂದೇ. ಅಜ್ಜನನ್ನು ಕಳಿಸಿ ಅಂಗಡಿಗೆ ಫೋನು ಮಾಡಿದರು. ಯಜಮಾನ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡ.

"ಎಪ್ಪತ್ತು ಸಾವಿರ ವಾಪಸ್ ಕೊಡೋಕೆ ನನಗೆ ಸಂತೋಷಾನೇ ಸಾರ್. ಆದ್ರೆ ಯಾವ ಕಾರಣಕ್ಕೂ, ಯಾವ ರೂಪದಲ್ಲೂ ಒಂದು ಕಾಸೂ ಕೊಡಲ್ಲ ಅಂತ ಬರೆಸ್ಕೊಂಡಿದ್ದೀರಲ್ಲ. ಒಂದು ಪ್ರತಿ ನಿಮ್ಮ ಮೇಲಧಿಕಾರಿ ಹತ್ರಾನೂ ಇದೆ. ಸೋಮವಾರ ತಪಾಸಣೆ ಬೇರೆ. ಇಂಥಾ ಹೊತ್ತಲ್ಲಿ ನಿಮ್ಮ ಕೈಗೆ ದುಡ್ಡಿಟ್ರೆ ನಿಮಗೇ ಕೆಟ್ಟ ಹೆಸರು. ನಿಮ್ಮಂಥ ಪ್ರಾಮಾಣಿಕರಿಗೆ ನಾನು ಆ ದ್ರೋಹ ಮಾಡ್ಲಾ?"

ಫೋನು ಇಟ್ಟು ತಿರುಗಿದರೆ ಹೆಂಡತಿ ಉಂಗುರದ ಕುಳಿಯಲ್ಲಿ ಹರಳು ಕೂರಿಸಿ ದೀಪದ ಬೆಳಕಿಗೆ ಹಿಡಿದಿದ್ದರು. ಅಳೆದು ಮಾಡಿಸಿದಂತೆ ಕೂತಿತ್ತು.

"ಎಷ್ಟು ಚೆನ್ನಾಗಿದೆ ರೀ! ಎಷ್ಟು ಕೊಟ್ರಿ?"

ಸಾಹೇಬರು ಹೆಂಡತಿಗೆ ಎಂದೂ ಸುಳ್ಳು ಹೇಳಿದವರಲ್ಲ. "ಇದರ ನ್ಯಾಯವಾದ ಬೆಲೆ ನಲವತ್ತು ಸಾವಿರ," ಎಂದರು.

ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಹೆಂಗಸು. ಉಂಗುರದಿಂದ ಕಣ್ಣೆತ್ತಿ ಗಂಡನ ಮುಖವನ್ನೇ ನೋಡಿದರು.

"ನ್ಯಾಯವಾದ ಬೆಲೆ ಯಾರು ಕೇಳಿದ್ರು? ನೀವು ಎಷ್ಟು ಕೊಟ್ರಿ ಹೇಳಿ."

ಸಾಹೇಬರು ಗೂಟದಲ್ಲಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕಿ, ಗಾಜು ಇಳಿಸಿಕೊಂಡರು. "ಸ್ಕೂಟರ್ ಯಾಕೋ ಸರಿಯಿಲ್ಲ, ನೋಡ್ಕೊಂಡು ಬರ್ತೀನಿ," ಎಂದು ಹೊರಗೆ ಹೋದರು. ಒಂಬತ್ತು ಸಲ ಒದ್ದರು. ಅದು ಸ್ಟಾರ್ಟ್ ಆಗಲಿಲ್ಲ.